ತೊಗರಿ ಕಾಳಿನಷ್ಟು ಪೇಸ್ಟು

ಕಂಪ್ಯೂಟರ್ ರಿಪೇರಿ ಮಾಡುವವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ರಿಪೇರಿ ಮಾಡುವವನು ನನ್ನಂಥ ಹಗಲುಗನಸಿನವನಾಗಿದ್ದರೆ ವಾರಕ್ಕೊಂದು ಖಾಯಂ.

ಇಳಕಲ್ಲಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೊಂದು ಚಟವಿದೆ. ಕಂಪ್ಯೂಟರಿನ ಫ್ಯಾನು ತಿರುಗುವ ಸದ್ದು ಕಿವಿಗೆ ಬಿದ್ದರೆ ಸಾಕು, ಕಣ್ಣು ತೆರೆದಿದ್ದಂತೆಯೇ ಎಲ್ಲೋ ಹೋಗಿಬಿಡುತ್ತೇನೆ. ಕೆಲವು ಫ್ಯಾನು ಹೊಳೆದಂಡೆಯ ಗಾಳಿಯಂತೆ ಕೇಳುತ್ತವೆ, ಕೆಲವು ಆಚೆ ಓಣಿಯ ಮಗ್ಗದಂತೆ. ಎದುರಿಗಿದ್ದವರು "ಏನ್ರಿ, ಏನಾಗೈತಿ ಇದಕ್ಕ?" ಎಂದು ಎರಡು ಸಲ ಕೇಳಿದ ಮೇಲೆ ವಾಪಸ್ಸು ಬರುತ್ತೇನೆ. ಗಿರಾಕಿಗಳು ಇದನ್ನು ಆಳವಾದ ವಿಚಾರ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇಲ್ಲಿ ಹೇಳಹೊರಟಿದ್ದು ಒಂದೇ ವಾರದ ಕತೆ, ಅದೂ ಒಂದು ಪೇಸ್ಟಿನದು. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಒಂದು ಚೌಕ ಬಿಲ್ಲೆ ಇರುತ್ತದೆ. ಎಲ್ಲ ವಿಚಾರವೂ ಅದರದೇ ಆದ್ದರಿಂದ ಅದರ ತಲೆ ಸದಾ ಬಿಸಿ. ಅದರ ಮೇಲೆ ಕೂಲರ್ ಎಂಬ ಲೋಹದ ಗಟ್ಟಿ, ಗಟ್ಟಿಯ ಮೇಲೆ ಫ್ಯಾನು. ಬಿಲ್ಲೆಗೂ ಗಟ್ಟಿಗೂ ನಡುವೆ ಒಂದು ತೊಗರಿ ಕಾಳಿನಷ್ಟು ಬೂದು ಬಣ್ಣದ ಪೇಸ್ಟು ಹಚ್ಚಬೇಕು. ಕೆಳಗಿನ ಬಿಸಿಯನ್ನು ಮೇಲಕ್ಕೆ ದಾಟಿಸುವುದು ಅದರ ಕೆಲಸ. ಅದು ಒಣಗಿ ಹೋದರೆ ಬಿಸಿ ಅಲ್ಲೇ ಕೂತು, ಕಂಪ್ಯೂಟರು ತಾನಾಗಿ ಬಂದ್ ಬೀಳುತ್ತದೆ. ಇನ್ನೊಂದು ಮಾತು: ಕೂಲರನ್ನು ಒಮ್ಮೆ ಎತ್ತಿದಿರೋ, ಹಳೇ ಪೇಸ್ಟಿನ ಕತೆ ಮುಗಿಯಿತು. ನನಗೆ ಕೆಲಸ ಕಲಿಸಿದ ಬಾಗಲಕೋಟೆಯ ಗುರುಗಳು ಕಲಿಸಿದ ಮೊದಲ ಪಾಠವೇ ಅದು. "ಎತ್ತಿದಿ ಅಂದ್ರ ಒರಸು. ಒರಸಿದಿ ಅಂದ್ರ ಹಚ್ಚು. ನಡುವ ವಿಚಾರ ಮಾಡಬ್ಯಾಡ." ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಸೇರಿಸಿದ್ದರು.

ಅಕ್ಕಾರ ಹತ್ತು ನಿಮಿಷ

ಬುಧವಾರ ನಮ್ಮ ಓಣಿಯ ನೇಕಾರ ಅಕ್ಕ ಕರೆಸಿದರು. ಅರವತ್ತು ದಾಟಿದವರು. ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆಯೇ ಇದ್ದಾರೆ. ಸೊಸೆ ಕಲಿಸಿದ ಮೇಲೆ ಈಗ ಕಂಪ್ಯೂಟರಿನಲ್ಲಿ ಚೌಕಳಿ ಚೌಕಳಿಯಾಗಿ ಸೀರೆಯ ದಡಿ ಬರೆಯುತ್ತಾರೆ. ಅದನ್ನು ಪ್ರಿಂಟು ತೆಗೆದು, ಅದರ ಪ್ರಕಾರ ಮಗ್ಗಕ್ಕೆ ದಡಿಯ ಚಿತ್ರ ಹೇಳಿಕೊಡುವ ರಟ್ಟಿನ ಕಾರ್ಡಿಗೆ ತೂತು ಹೊಡೆಸುತ್ತಾರೆ.

"ತಮ್ಮಾ, ಇದು ಹತ್ತು ನಿಮಿಷಕ್ಕೊಮ್ಮಿ ಉಸಿರು ಬಿಡ್ತೈತಿ" ಅಂದರು.

ಅವಸರ ಏನೆಂದು ಕೇಳಿದೆ. ಅಕ್ಕಾರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬರುವ ಸೋಮವಾರ ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲಿಗೆ ಬಲಗಣ್ಣಿನ ಆಪರೇಷನ್. ಎಡಗಣ್ಣಿನ ಪಾಳಿ ಆಮೇಲೆ. ಆಪರೇಷನ್ ಆದ ಮೇಲೆ ಒಂದು ತಿಂಗಳು ಮಗ್ಗವಿಲ್ಲ, ಕಂಪ್ಯೂಟರಿಲ್ಲ. ಅಷ್ಟರೊಳಗೆ ಒಂದು ದಡಿ ಬರೆದು ಮುಗಿಸಬೇಕು ಅಂತ ಅವರ ಹಟ.

"ಗೋಮಿ ದಡಿ ನೇದೆ, ಗಾಡಿ ದಡಿ ನೇದೆ, ಚಿಕ್ಕಿ ಪರಾಸ ದಡಿ ನೇದೆ. ಎಲ್ಲಾ ಮಂದಿ ಹೇಳಿದ್ದು, ಮಂದಿ ಉಟ್ಟಿದ್ದು. ಇದೊಂದು ನಾನ ಬರದು, ನಾನ ನೇದು, ನಾನ ಉಡಬೇಕು ಅಂತ ಮಾಡೀನಿ. ಕಣ್ಣ ನೆಟ್ಟಗ ಆಗ್ಲಿಲ್ಲಂದ್ರ ಇದೊಂದರ ಉಳೀಲಿ."

"ಏನ್ ದಡಿ ಅಕ್ಕಾರ?"

"ಅದ ಇನ್ನೂ ಹೊಳದಿಲ್ಲ. ಹೊಳೀಬೇಕಂದ್ರೊಳಗ ಇದು ಬಂದ್ ಬೀಳ್ತೈತಿ."

ಕಂಪ್ಯೂಟರಿನ ಡಬ್ಬಿ ಬಿಚ್ಚಿ ಮುಟ್ಟಿ ನೋಡಿದೆ. ರೊಟ್ಟಿ ಹಂಚಿನಂತೆ ಕಾದಿತ್ತು. ಪೇಸ್ಟು ಒಣಗಿದೆ, ಹೊಸದು ಹಚ್ಚಬೇಕು ಎಂದು ವಿವರಿಸಲು ಕೂತೆ. ಯಾರಿಗೆ ಹೇಳಿದರೂ ಅರ್ಧ ತಾಸು ವಾದ ನಡೆಯುವ ಜಾಗ ಇದು. ಅಕ್ಕ ನನ್ನ ಮಾತನ್ನು ನಡುವೆಯೇ ತಡೆದರು.

"ಒಡಲಿನ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕತೇವಲ್ಲ, ಹಂಗ. ಒಡಲು ನೂಲು, ಸೆರಗು ರೇಷ್ಮಿ, ನಡುವ ಕೊಂಡಿ. ಒಮ್ಮಿ ಬಿಚ್ಚಿದ ಕೊಂಡಿ ಮತ್ತ ಬರಂಗಿಲ್ಲ, ಹೊಸಾದ ಹಾಕಬೇಕು. ಹೌದಲ್ಲೋ?"

ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ಇಷ್ಟು ಸಲೀಸಾಗಿ ಇದು ತಿಳಿದಿರಲಿಲ್ಲ. ಗುರುಗಳ ಪಾದಕ್ಕೆ ಬಿದ್ದಷ್ಟು ಖುಷಿಯಾಯಿತು. ಆದರೆ ನನ್ನ ಟ್ಯೂಬು ತೆಗೆದು ಒತ್ತಿದರೆ ಬಾಯಲ್ಲಿ ಗಟ್ಟಿಯಾಗಿ ಕೂತಿತ್ತು. ಬೇಸಿಗೆಯಾದ್ದರಿಂದ ಊರಿನ ಇನ್ನಿಬ್ಬರು ರಿಪೇರಿಯವರ ಹತ್ತಿರವೂ ಮುಗಿದಿತ್ತು. ಹಚ್ಚಲು ಇಲ್ಲದ ಮೇಲೆ ಎತ್ತುವಂತಿಲ್ಲ. ಡಬ್ಬಿ ಹಾಗೇ ಮುಚ್ಚಿದೆ.

"ನಾಳೆ ಬಾಗಲಕೋಟಿಗೆ ಹೋಗಿ ತರ್ತೇನಿ. ಸೋಮವಾರದೊಳಗ ನಿಮ್ಮ ದಡಿ ಮುಗೀತೈತಿ" ಅಂದೆ.

"ನೀ ಹೋದ್ರ ಪೇಸ್ಟ್ ತರತಿ, ಖರೆ" ಅಂದರು ಅಕ್ಕ. "ಹೋದಾವ ಹೊತ್ತಿಗೆ ಸರಿಯಾಗಿ ಬರತಿ ಏನು, ಅದನ್ನ ಹೇಳು."

ಕಲ್ಲಿಗೆ ಪೇಸ್ಟಿಲ್ಲ

ಗುರುವಾರ ಬಾಗಲಕೋಟೆಗೆ ಹೋಗಿ, ಗುರುಗಳ ಅಂಗಡಿಯಲ್ಲಿ ಉಳಿದಿದ್ದ ಎರಡೂ ಟ್ಯೂಬು ತೆಗೆದುಕೊಂಡೆ. ಸೂಜಿ ಇಲ್ಲದ ಸಣ್ಣ ಸಿರಿಂಜಿನಂತಿರುತ್ತವೆ. ಒಂದೊಂದರಲ್ಲಿ ಐದಾರು ಸಲಕ್ಕೆ ಆಗುವಷ್ಟು ಪೇಸ್ಟು. ನೆಟ್ಟಗೆ ಬಂದಿದ್ದರೆ ಸಂಜೆಯ ಚಹಾ ಇಳಕಲ್ಲಿನಲ್ಲಿ ಕುಡಿಯುತ್ತಿದ್ದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಐಹೊಳೆಯ ಗೆಳೆಯನ ಫೋನು ಬಂತು. ಗುಡಿ ತೋರಿಸುವ ಗೈಡು ಅವನು. ಬಾದಾಮಿಯಿಂದ ಬರುವ ಪ್ರವಾಸಿಗಳಿಗೆ ಊರಿನ ನಕಾಶೆ ಪ್ರಿಂಟು ಕೊಡಲು ಮನೆಯಲ್ಲೊಂದು ಕಂಪ್ಯೂಟರ್ ಇಟ್ಟಿದ್ದಾನೆ. ಅದೂ ಬಂದ್ ಬೀಳುತ್ತಿದೆ ಅಂದ, ಅಲ್ಲೇ ಬಸ್ಸಿಳಿದೆ.

ಹೋಗಿ ನೋಡಿದರೆ ಧೂಳು ಊದಲಿಕ್ಕೆಂದು ತಾನೇ ಕೂಲರ್ ಬಿಚ್ಚಿದ್ದಾನೆ. ಎರಡೂ ಕಡೆಯ ಪೇಸ್ಟನ್ನು ಹೊಲಸು ಎಂದು ತಿಳಿದು ತಿಕ್ಕಿ ತೊಳೆದಿದ್ದಾನೆ. ಬರಿದೇ ಲೋಹದ ಮೇಲೆ ಲೋಹ ಇಟ್ಟು ಬಿಗಿ ಮಾಡಿದ್ದಾನೆ.

"ಪೇಸ್ಟ್ ಎಲ್ಲೋ ದೋಸ್ತ?"

"ಯಾತಕ್ಕ ಬೇಕು?" ಅಂದವನೇ ಬಾಗಿಲಾಚೆ ಕಾಣುವ ಗುಡಿಯ ಕಡೆ ಕೈ ಮಾಡಿದ. ಪ್ರವಾಸಿಗಳ ಮುಂದೆ ಹೇಳುವ ದನಿಯೇ ಬಂದುಬಿಟ್ಟಿತು. "ನೋಡಲ್ಲಿ. ಕಲ್ಲಿನ ಮ್ಯಾಲೆ ಕಲ್ಲು. ನಡುವ ಗಾರಿ ಇಲ್ಲ, ಸುಣ್ಣ ಇಲ್ಲ, ನಿನ್ನ ಪೇಸ್ಟೂ ಇಲ್ಲ. ಎಷ್ಟು ನೂರು ವರ್ಷ ಆತು, ಒಮ್ಮೆರ ಬಂದ್ ಬಿದ್ದೈತೇನು?"

ಅವನು ಕೈ ಮಾಡಿದ ಕಡೆ ಗುಡಿಯನ್ನು ನೋಡಿದೆ. ಸಂಜೆ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಫ್ಯಾನು ಹೊಳೆಗಾಳಿಯಂತೆ ಸದ್ದು ಮಾಡುತ್ತಿತ್ತು. ಕಲ್ಲು ಕಡೆದವರು ಕಲ್ಲಿಗೆ ಕಲ್ಲು ಕೂಡಿಸಿ, ಕೂದಲೆಳೆ ಹೋಗದಂತೆ ಉಜ್ಜಿ, ಸಾಕೆನಿಸಿದಾಗ ಒಮ್ಮೆ ಕೈಯಾಡಿಸಿರಬೇಕು. ಆ ಕೈಯ ಬಿಸಿ ಎಲ್ಲಿಗೆ ಹೋಯಿತು? ನಾನು ಆ ಕೈಯ ಹಿಂದೆಯೇ ಬಹಳ ದೂರ ಹೋದೆ. ವಾಪಸ್ಸು ಬಂದಾಗ ಗೆಳೆಯ ದೀಪ ಹಚ್ಚಿದ್ದ, ಕೊನೆಯ ಬಸ್ಸು ಹೋಗಿತ್ತು.

ಅಲ್ಲೇ ಉಂಡೆ, ಅಲ್ಲೇ ಮಲಗಿದೆ. ಬೆಳಿಗ್ಗೆ ಎದ್ದು ಅವನ ಪ್ರಶ್ನೆಗೆ ಉತ್ತರ ಕೊಟ್ಟೆ. "ಗುಡಿಗೆ ಪೇಸ್ಟ್ ಬೇಡ, ಯಾಕಂದ್ರ ಕಲ್ಲು ಬಿಸಿ ಆಗಂಗಿಲ್ಲ."

ಗೆಳೆಯ ನನ್ನನ್ನು ಬಹಳ ಮರುಕದಿಂದ ನೋಡಿದ. "ಮೇ ತಿಂಗಳ ಮಧ್ಯಾಹ್ನ ಬಾ. ಚಪ್ಪಲಿ ಹೊರಗ ಬಿಡಿಸಿ ಒಳಗ ಕರಕೊಂಡ ಹೋಗ್ತೇನಿ."

ಹುನಗುಂದದ ಹಣೆಗಳು

ಅವನ ಕಂಪ್ಯೂಟರಿಗೆ ಒಂದು ಕಾಳು ಪೇಸ್ಟು ಹಚ್ಚಿ ಶುಕ್ರವಾರ ಹೊರಟೆ. ಹುನಗುಂದದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ತಗಡಿನ ಅಂಗಡಿ ಹಾಕಿಕೊಂಡು ಕರಾರುಪತ್ರ, ಖರೀದಿಪತ್ರ ಬರೆದುಕೊಡುವ ಕಾಕಾ ಒಬ್ಬರಿದ್ದಾರೆ. ನನ್ನ ಹಳೇ ಗಿರಾಕಿ. ಕಂಡೊಡನೆ ಕೂಗಿದರು. "ಬಾ ಅಪ್ಪಾ, ಇದರ ತಲಿನೂ ಕಾದೈತಿ, ನನ್ನ ತಲಿನೂ ಕಾದೈತಿ."

ಕಂಪ್ಯೂಟರ್ ಬಿಚ್ಚಿ, ಎತ್ತಿ, ಒರೆಸಿ, ಸಿರಿಂಜು ಒತ್ತಿದೆ. ಕಾಕಾ ಬಗ್ಗಿ ನೋಡಿದರು.

"ಇದೇನು ಹಚ್ಚಾಕತ್ತಿ?"

"ತಂಪಾಗ್ಲಿ ಅಂತರಿ ಕಾಕಾರ."

ಕೂಲರ್ ಕೂಡಿಸಿ ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು. ಮೇಲೆ ಬೇವಿನ ಎಲೆಯೂ ಅದೇ ಗತಿಯಲ್ಲಿ ಅಲುಗುತ್ತಿತ್ತು. ಫ್ಯಾನು ಎಲೆಯನ್ನು ಅಲುಗಿಸುತ್ತಿದೆಯೋ, ಎಲೆ ಫ್ಯಾನನ್ನೋ ಎಂಬ ವಿಚಾರ ಬಂತು. ಬಂದದ್ದೇ ತಡ, ನಾನು ಹೋದೆ.

ಎಷ್ಟು ಹೊತ್ತಿಗೆ ಬಂದೆನೋ ಗೊತ್ತಿಲ್ಲ. ಕಾಕಾರ ಹಣೆಯ ಮೇಲೆ ಬೂದು ಬಣ್ಣದ ಮೂರು ಬೆರಳಿನ ಪಟ್ಟಿ ಹೊಳೆಯುತ್ತಿತ್ತು. ತಲೆನೋವಿಗೆ ತಂಪು ಎಂದು ಹಚ್ಚಿಕೊಂಡಿದ್ದರು. ದಿನಾ ಬೆಳಿಗ್ಗೆ ವಿಭೂತಿ ಹಚ್ಚುವ ಕೈ ಅದು, ಮೂರು ಬೆರಳಿಗೆ ಕಡಿಮೆ ಹಚ್ಚಲು ಅದಕ್ಕೆ ಬರುವುದಿಲ್ಲ. ಅಷ್ಟಾದರೆ ಸರಿ. ಪತ್ರ ಬರೆಸಲು ಬಂದು ಬಿಸಿಲಲ್ಲಿ ಕೂತಿದ್ದ ಮೂವರೂ ತಲೆನೋವು ಅಂದಿದ್ದಾರೆ. ಕಾಕಾ ಧಾರಾಳಿ, ಅವರಿಗೂ ಹಚ್ಚಿದ್ದಾರೆ. ಸಾಲಾಗಿ ನಾಲ್ಕು ಹಣೆ ಮಿಂಚುತ್ತಿದ್ದವು. ಮೇಜಿನ ಮೇಲೆ ಟ್ಯೂಬು ಮುಕ್ಕಾಲುಪಾಲು ಖಾಲಿಯಾಗಿ ಬಿದ್ದಿತ್ತು.

ದಾರಿಯಲ್ಲಿ ಹೋಗುತ್ತಿದ್ದ ವಕೀಲರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಯಾವ ಮಠದವರು ಬಂದಾರ್ರಿ?"

ಗಾಬರಿಯಾಗಿ ಎಲ್ಲರನ್ನೂ ನಳದ ಹತ್ತಿರ ಕರೆದೊಯ್ದು ಸಾಬೂನು ಹಾಕಿ ತಿಕ್ಕಿಸಿದೆ. ಅಷ್ಟರಲ್ಲೂ ಕಾಕಾ ಟ್ಯೂಬಿನಲ್ಲಿ ಉಳಿದಿದ್ದ ಕೊನೆಯ ಒಂದು ಕಾಳಷ್ಟನ್ನು, ತಂಬಾಕು ಬಿಟ್ಟ ಮೇಲೆ ತೊಳೆದು ಇಟ್ಟಿದ್ದ ಸುಣ್ಣದ ಡಬ್ಬಿಗೆ ಸೇರಿಸಿ ಕಿಸೆಗೆ ಹಾಕಿಕೊಂಡರು.

"ಕಾಕಾರ, ಅದರಿಂದ ತಲಿ ತಂಪ ಆಗಂಗಿಲ್ರಿ."

"ತಂಪ ಏನೂ ಆಗಿಲ್ಲ" ಅಂದರು ಕಾಕಾ. "ಆದ್ರ ದಿನಾ ಇಷ್ಟೊತ್ತಿಗೆ ನಾ ಕೂತಲ್ಲೇ ಬಂದ್ ಬೀಳತಿದ್ದೆ. ಇವತ್ತ ಬಿದ್ದಿಲ್ಲ."

ಇನ್ನೊಮ್ಮಿ ಎತ್ತು

ಶನಿವಾರ ಬೆಳಿಗ್ಗೆ ಉಳಿದ ಒಂದೇ ಟ್ಯೂಬು ಹಿಡಿದು ಅಕ್ಕಾರ ಮನೆಗೆ ಹೋದೆ. ನಡುವೆ ಎರಡು ದಿನ ಹಾಳಾಗಿತ್ತು. ದಡಿ ಇನ್ನೂ ಹೊಳೆದಿರಲಿಲ್ಲ. ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಕೂಲರ್ ಎತ್ತಿ, ಒಣಗಿದ್ದನ್ನು ಕೆರೆದು ಒರೆಸಿ, ಹೊಸ ಕಾಳು ಹಚ್ಚಿ ಒತ್ತಿದೆ. ಆಗ ಕಂಡಿತು, ಫ್ಯಾನಿನ ವೈರು ಅಡಿಯಲ್ಲಿ ಸಿಕ್ಕಿಕೊಂಡಿದೆ. ಮತ್ತೆ ಎತ್ತಿದೆ. ಹಸಿ ಪೇಸ್ಟು ಒತ್ತಿ ಎತ್ತಿದಾಗ ಅದು ಎರಡೂ ಮೈಗೆ ಎಳೆದುಕೊಂಡು ಕವಲು ಕವಲಾಗಿ ನಿಲ್ಲುತ್ತದೆ. ನಾನು ಸಾವಿರ ಸಲ ನೋಡಿದ್ದೇನೆ, ಸಾವಿರ ಸಲ ಒರೆಸಿದ್ದೇನೆ. ಅಕ್ಕ ನನ್ನ ಕೈ ಹಿಡಿದರು.

"ಒರಸಬ್ಯಾಡ ತಡಿ. ಇದೇನೋ ಇದು? ಬಳ್ಳಿ."

ಕೂಲರನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಹತ್ತಿರ ತಂದರು. "ಎಲಿ ನೋಡು ಹೆಂಗ ತೂಗಾಕತ್ತಾವ. ನಡುವ ಹಕ್ಕಿ ಕುಂತಾವ. ಅಂಚಿಗೆ ಹೊಳಿ ಹರದಂಗ ಐತಿ."

ನನಗೆ ಹಕ್ಕಿ ಕಾಣಲಿಲ್ಲ. ಆದರೂ ಕನಸು ಕಾಣುವ ಇನ್ನೊಬ್ಬರು ಸಿಕ್ಕರಲ್ಲ ಎಂದು ಮೈ ಜುಮ್ಮೆಂದಿತು. ಫೋನಿನಲ್ಲಿ ಫೋಟೊ ತೆಗೆದುಕೊಡುತ್ತೇನೆ ಅಂದೆ. ತೆಗೆದೂ ತೋರಿಸಿದೆ. "ಇದರಾಗ ಅದು ಸತ್ತೈತಿ" ಅಂದರು. "ಒರಸು, ಹಚ್ಚು, ಇನ್ನೊಮ್ಮಿ ಎತ್ತು. ಸೀದಾ ಎತ್ತಿದಿ, ಈಗ ಸೊಟ್ಟ ಎತ್ತು."

ನಿಯಮ ಅವರಿಗೆ ಮೊದಲೇ ಗೊತ್ತು. ಬಿಚ್ಚಿದ ಕೊಂಡಿ ಮತ್ತೆ ಬರುವುದಿಲ್ಲ, ಪ್ರತಿ ಸಲವೂ ಹೊಸದು. ಊರಿನವರೆಲ್ಲ ಪೇಸ್ಟು ಯಾಕೆ ಬೇಕು ಎಂದು ವಾದ ಮಾಡಿದರೆ, ಇವರು ಪ್ರತಿ ಸಲ ಎತ್ತಿದಾಗಲೂ ಹೊಸ ಬಳ್ಳಿ ಸಿಗುತ್ತದೆ ಎಂದು ಕಂಡುಕೊಂಡಿದ್ದರು. ನಾನು ಎತ್ತುವುದು, ಅವರು ನೋಡಿ ಕಾಗದದ ಮೇಲೆ ಪೆನ್ಸಿಲಿನಿಂದ ಗೀಚುವುದು. ಓಣಿಯಲ್ಲಿ ಮಗ್ಗದ ಸದ್ದು, ಕಿಟಕಿಯಲ್ಲಿ ಬಿಸಿಲು, ಇಬ್ಬರಿಗೂ ಊಟದ ನೆನಪಿಲ್ಲ. ಅಷ್ಟು ಸುಖವಾದ ದಿನ ನನ್ನ ಕೆಲಸದಲ್ಲಿ ಇನ್ನೊಂದಿಲ್ಲ.

"ಸಾಕು, ಸಿಕ್ತು" ಅಂದರು ಅಕ್ಕ. "ಈಗ ಹಚ್ಚಿ ಮುಚ್ಚು. ಕಂಪ್ಯೂಟರಿನ್ಯಾಗ ಚೌಕಳಿಗೆ ಇಳಸ್ತೇನಿ."

ಟ್ಯೂಬು ಒತ್ತಿದೆ. ಪುಸ್ ಎಂದು ಗಾಳಿ ಬಂತು. ಅಕ್ಕ ನನ್ನನ್ನೂ ಟ್ಯೂಬನ್ನೂ ಒಂದೇ ರೀತಿ ನೋಡಿದರು.

ಚೆಕ್ಕುಬಂದಿ

ಭಾನುವಾರ ಬಾಗಲಕೋಟೆಯ ಅಂಗಡಿ ಬಂದ್. ಸೋಮವಾರ ಆಪರೇಷನ್. ಆಗ ಸುಣ್ಣದ ಡಬ್ಬಿ ನೆನಪಾಗಿ, ಬೆಳಿಗ್ಗೆ ಮೊದಲ ಬಸ್ಸಿಗೇ ಹುನಗುಂದಕ್ಕೆ ಓಡಿದೆ. ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಪುಣ್ಯ, ಡಬ್ಬಿಯಲ್ಲಿ ಕಾಳು ಹಾಗೇ ಇತ್ತು.

ಅಕ್ಕಾರ ಕಣ್ಣಿನ ಮಾತು, ದಡಿಯ ಮಾತು ಎಲ್ಲ ಹೇಳಿದೆ. ಕಾಕಾರ ಮನಸ್ಸು ಕರಗಿತು. "ತಗೊಂಡ ಹೋಗು" ಅಂದರು. ಕೈ ಚಾಚಿದೆ. ಡಬ್ಬಿ ಹಿಂದಕ್ಕೆ ಎಳೆದುಕೊಂಡರು. "ಹಂಗ ಬಾಯಿಮಾತಿನಾಗ ಕೊಟ್ರ ನಾಳೆ ತಕರಾರು ಬರ್ತಾವ. ಬರದ ಕೊಡ್ತೇನಿ."

"ಕಾಕಾರ, ಬಸ್ ಹೋಗ್ತೈತ್ರಿ."

ನಲವತ್ತು ವರ್ಷ ಪತ್ರ ಬರೆದ ಕೈ, ಅದನ್ನು ನಿಲ್ಲಿಸಲು ಯಾರಿಂದಾದೀತು. ಕನ್ನಡಕ ಹಾಕಿಕೊಂಡು, ದೊಡ್ಡ ದನಿಯಲ್ಲಿ ಓದಿಕೊಳ್ಳುತ್ತ ದಾನಪತ್ರ ಬರೆದರು: "ಪೂರ್ವಕ್ಕೆ ತಂಬಾಕಿನ ಖಾನೆ, ಪಶ್ಚಿಮಕ್ಕೆ ಡಬ್ಬಿಯ ತಗಡು, ಉತ್ತರಕ್ಕೆ ಮುಚ್ಚಳದ ಕೀಲು, ದಕ್ಷಿಣಕ್ಕೆ ದಾನ ಕೊಡುವವನ ಹೆಬ್ಬೆರಳು. ಈ ಚೆಕ್ಕುಬಂದಿಯೊಳಗಿನ ತೊಗರಿ ಕಾಳಿನಷ್ಟು ಪೇಸ್ಟನ್ನು ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಕೊಟ್ಟಿರುತ್ತೇನೆ. ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಇದರ ಮೇಲೆ ಯಾವ ಹಕ್ಕೂ ಇರುವುದಿಲ್ಲ."

ಎದುರು ಮನೆಯವರನ್ನು ಕರೆದು ಸಾಕ್ಷಿ ಸಹಿ ಹಾಕಿಸಿದರು. ಸಹಿ ಮಾಡಿದವರು ಡಬ್ಬಿಯೊಳಗೆ ಇಣುಕಿ ಕೇಳಿದರು. "ಇಷ್ಟ ಜಾಗಾಕ್ಕ ಹಾದಿ ಯಾವ ಕಡೆಯಿಂದ ಬಿಟ್ಟೀರಿ?"

ಕಾಕಾ ಪೆನ್ನು ಎತ್ತಿ, ಹಾದಿಯನ್ನೂ ಸೇರಿಸಿದರು. ಬಸ್ಸು ಹೋಯಿತು.

ಪೊರೆ ತೆಗೆದ ಮೇಲೆ

ಮುಂದಿನ ಬಸ್ಸಿಗೆ ಬಂದು ಹಚ್ಚಿದೆ. ಈ ಸಲ ಫ್ಯಾನಿನ ಕಡೆ ಬೆನ್ನು ಮಾಡಿ ಕೂತೆ. ಕಂಪ್ಯೂಟರು ಒಂದು ಸಲವೂ ಬಂದ್ ಬೀಳಲಿಲ್ಲ. ದಡಿ ಬರೆದು ಮುಗಿಸಿ, ಸೋಮವಾರ ಅಕ್ಕ ಸೊಸೆಯ ಕೈಹಿಡಿದು ಬಾಗಲಕೋಟೆಗೆ ಹೋದರು. ಆ ದಿನ ಅಂಗಡಿಯಲ್ಲಿ ನನಗೆ ಯಾವ ಕನಸೂ ಬೀಳಲಿಲ್ಲ. ಸಂಜೆ ಸೊಸೆಯ ಫೋನು ಬಂತು. "ಚಲೋ ಆಗೈತ್ರಿ, ಬಲಗಣ್ಣಿಂದು ಮುಗೀತು." ಮೇಜಿನ ಮೇಲಿನ ಫ್ಯಾನು ಮತ್ತೆ ಹೊಳೆಗಾಳಿಯಂತೆ ಕೇಳಿತು, ನಾನು ಹೋದೆ. ಗಿರಾಕಿಯೊಬ್ಬ ಆಳವಾದ ವಿಚಾರ ಎಂದು ತಿಳಿದು ಕಾದ.

ಎರಡು ತಿಂಗಳ ಮೇಲೆ ಅಕ್ಕ ಆ ಸೀರೆಯನ್ನು ಉಟ್ಟೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕರಿ ಒಡಲು, ಕೆಂಪು ಸೆರಗು, ದಡಿಯ ತುಂಬ ಬೂದು ಬಳ್ಳಿ. ಎಲೆ ತೂಗುತ್ತಿದ್ದವು, ನಡುವೆ ಹಕ್ಕಿ, ಅಂಚಿಗೆ ಹೊಳೆ. ಓಣಿಯ ಹೆಂಗಸರು ಇದು ನುಗ್ಗಿ ಎಲಿ, ಅಲ್ಲ ಹುಣಸಿ ಎಲಿ ಎಂದು ವಾದ ಮಾಡಿದರಂತೆ. ನನಗೆ ಕಣ್ಣಲ್ಲಿ ನೀರು ಬಂತು.

"ತಮ್ಮಾ, ಅದನ್ನ ಇನ್ನೊಮ್ಮಿ ತೋರಸು" ಅಂದರು. "ಈ ಹೊಸಾ ಕಣ್ಣಿಲೆ ಎಷ್ಟು ಚಂದ ಕಾಣಸ್ತೈತೋ ನೋಡೂಣು."

ಮೇಜಿನ ಮೇಲಿದ್ದ ಒಂದು ಕಂಪ್ಯೂಟರ್ ಬಿಚ್ಚಿದೆ. ಹೊಸ ಟ್ಯೂಬಿನಿಂದ ಕಾಳು ಹಚ್ಚಿ, ಒತ್ತಿ, ಎಷ್ಟು ನಾಜೂಕಾಗಿ ಆಗುತ್ತದೋ ಅಷ್ಟು ನಾಜೂಕಾಗಿ ಎತ್ತಿ ಅವರ ಕೈಗೆ ಕೊಟ್ಟೆ. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು.

"ಬಳ್ಳಿ ಎಲ್ಲೈತೋ?"

"ಅದ ಅಲ್ರಿ ಅಕ್ಕಾರ."

"ಇದೇನು? ಸಾರಿಸಿದ ನೆಲಾ ಕೋಳಿ ಕೆದರಿದಂಗ ಐತಿ."

ಕೆಳಗೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಅಕ್ಕ ಕೂಲರನ್ನು ನೋಡಿ, ತಮ್ಮ ದಡಿಯನ್ನು ನೋಡಿ, ಮತ್ತೆ ಕೂಲರನ್ನು ನೋಡಿದರು.

"ಹಂಗಾರ ನನ್ನ ಹಕ್ಕಿ ಡಾಕ್ಟರ್ ತಗದು ಒಗದ ಪೊರಿಯಾಗ ಇದ್ವೋ ಏನೋ" ಅಂದರು. ದನಿ ಸಣ್ಣದಾಗಿತ್ತು.

ಡಾಕ್ಟರು ಒಳ್ಳೆಯದನ್ನೇ ಮಾಡಿದ್ದಾರೆ. ಆದರೂ ಆ ಹೊತ್ತಿಗೆ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಒರೆಸಿಬಿಡೋಣ ಎಂದು ಬಟ್ಟೆ ತೆಗೆದುಕೊಂಡೆ. ಅಕ್ಕ ತಡೆದರು. ಸೆರಗಿನ ತುದಿಯಿಂದ ಬಲಗಣ್ಣು ಮುಚ್ಚಿಕೊಂಡು, ಇನ್ನೂ ಆಪರೇಷನ್ ಆಗದ ಎಡಗಣ್ಣಿನ ಹತ್ತಿರ ಕೂಲರನ್ನು ತಂದರು. ಮುಖ ನಿಧಾನವಾಗಿ ಅರಳಿತು.

"ಅದಾವ" ಅಂದರು. "ಎಲ್ಲಾ ಅದಾವ. ಈ ಸಲ ನವಲು ಬಂದಾವ."

ನಾನು ಬಟ್ಟೆ ಕೆಳಗಿಟ್ಟೆ.

"ಈ ಕಣ್ಣಿಂದು ಮುಂದಿನ ತಿಂಗಳ ಅಂದಾರ" ಅಂದವರೇ ಅಕ್ಕ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತರು, ಕೈಚೀಲದಿಂದ ಕಾಗದ, ಪೆನ್ಸಿಲು ತೆಗೆದರು. "ಟ್ಯೂಬ್ ಎಷ್ಟ ಅದಾವ ನಿನ್ನ ಕಡೆ? ಒರಸು, ಹಚ್ಚು, ಇನ್ನೊಮ್ಮಿ ಎತ್ತು."